ಈ ನೀರನ್ನು ಕಳುಹಿಸಿದವರು ಯಾರು?



2019ರ ಆಗಸ್ಟ್ ತಿಂಗಳನ್ನು ನಮ್ಮ ಚಿಕ್ಕೋಡಿ ಸೀಮೆಯ ಜನರು ಸುಲಭವಾಗಿ ಮರೆಯಲಾರರು. ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳು ಒಮ್ಮೆಲೇ ತುಂಬಿ ಬಂದವು. ಮಲಿಕವಾಡ-ದತ್ತವಾಡ ಸೇತುವೆಯೂ ಕಲ್ಲೋಳ-ಯಡೂರ ಸೇತುವೆಯೂ ನೀರಿನೊಳಗೆ ಹೋದವು. ಆಳೆತ್ತರ ಬೆಳೆದಿದ್ದ ಕಬ್ಬು ನೀರಿನಲ್ಲಿ ನಿಂತು ಕೊಳೆಯಿತು. ಸದಲಗಾ ಸುತ್ತಮುತ್ತಲಿನ ಎಷ್ಟೋ ಕುಟುಂಬಗಳು ದನಕರುಗಳನ್ನು ಹೊಡೆದುಕೊಂಡು, ಮಕ್ಕಳನ್ನು ಎತ್ತಿಕೊಂಡು ಶಾಲೆಗಳಲ್ಲಿ ತೆರೆದ ಗಂಜಿ ಕೇಂದ್ರಗಳಿಗೆ ಬಂದವು.

ಅಂಥ ಒಂದು ಕೇಂದ್ರಕ್ಕೆ ನಾನು ಹೋಗಿದ್ದೆ. ಅಲ್ಲಿ ಶಾಲೆಯ ಜಗುಲಿಯ ಮೇಲೆ ಒಬ್ಬ ವೃದ್ಧೆ ಕುಳಿತಿದ್ದರು. ವಾರದ ಸಂತೆಯಲ್ಲಿ ಒಣಮೀನು ಮಾರಿ ಜೀವನ ಸಾಗಿಸುವ ತಾಯಿ. ನಮ್ಮ ಧರ್ಮಕೇಂದ್ರದವರೇ. ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಾರೆ. ಅವರ ಮಣ್ಣಿನ ಮನೆ ಆ ರಾತ್ರಿ ಕುಸಿದಿತ್ತು. ನಾನು ಹತ್ತಿರ ಕುಳಿತು ಸಮಾಧಾನ ಹೇಳತೊಡಗಿದೆ. ಅವರು ನನ್ನ ಮಾತನ್ನು ಸ್ವಲ್ಪ ಹೊತ್ತು ಕೇಳಿ, ಆಮೇಲೆ ಒಂದು ಪ್ರಶ್ನೆ ಕೇಳಿದರು:

"ಫಾದರ್, ನೋವನ ಕತಿ ನೀವ ಹೇಳಿದ್ರಿ. ಇನ್ನ ಮ್ಯಾಲೆ ಇಂಥಾ ಪ್ರಳಯ ತರೂದಿಲ್ಲಂತ ದೇವ್ರು ಮಾತು ಕೊಟ್ಟಾನು, ಆಕಾಶದಾಗ ಕಾಮನಬಿಲ್ಲು ಇಟ್ಟಾನು ಅಂದ್ರಿ. ಹಂಗಾರ ಈ ನೀರ ಯಾರು ಕಳಿಸಿದ್ರು?"

ನಾನು ಏನು ಹೇಳಿದೆ ಗೊತ್ತೇ? "ಆಯಿ, ದೇವರ ಇಚ್ಛೆ ನಮಗೆ ತಿಳಿಯುವುದಿಲ್ಲ. ಪ್ರಾರ್ಥನೆ ಮಾಡೋಣ" ಎಂದೆ. ಅವರು ತಲೆಯಾಡಿಸಿದರು. ಕೈ ಮುಗಿದರು. ಆದರೆ ಆ ಉತ್ತರ ಅವರಿಗೆ ಸಾಕಾಗಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ನಿಜ ಹೇಳುತ್ತೇನೆ, ನನಗೂ ಸಾಕಾಗಲಿಲ್ಲ. ಪ್ರಾರ್ಥನೆಯ ಹೆಸರು ಹೇಳಿ ಒಂದು ಕಷ್ಟದ ಪ್ರಶ್ನೆಯಿಂದ ನಾನು ತಪ್ಪಿಸಿಕೊಂಡಿದ್ದೆ. ಇಂದಿನ ಈ ಲೇಖನ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ. ತಡವಾಗಿ ಬಂದಿದೆ. ನಿಮ್ಮೆಲ್ಲರ ಎದುರಿನಲ್ಲಿ ಕೊಡುತ್ತಿದ್ದೇನೆ.

ಎರಡು ಬಗೆಯ ಕಾರಣಗಳು

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ಬೋಧನೆಯನ್ನು ನಮಗೆ ಕಲಿಸುತ್ತಿದ್ದರು. ದೇವರು ಎಲ್ಲದಕ್ಕೂ ಪ್ರಥಮ ಕಾರಣ. ಆದರೆ ದೇವರು ತಾನು ಸೃಷ್ಟಿಸಿದ ವಸ್ತುಗಳನ್ನು ಬರಿಯ ಗೊಂಬೆಗಳನ್ನಾಗಿ ಮಾಡಲಿಲ್ಲ. ಬೆಂಕಿಗೆ ಸುಡುವ ಶಕ್ತಿಯನ್ನೂ, ಬೀಜಕ್ಕೆ ಮೊಳೆಯುವ ಶಕ್ತಿಯನ್ನೂ, ಮನುಷ್ಯನಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ನಿಜವಾಗಿಯೇ ಕೊಟ್ಟನು. ಇವು ದ್ವಿತೀಯ ಕಾರಣಗಳು. ಮನೆಗೆ ಬೆಂಕಿ ಇಟ್ಟವನು "ಬೆಂಕಿಯನ್ನು ಸೃಷ್ಟಿಸಿದವನು ದೇವರು, ಆದ್ದರಿಂದ ಮನೆ ಸುಟ್ಟವನೂ ದೇವರೇ" ಎಂದರೆ ನಾವು ಒಪ್ಪುತ್ತೇವೆಯೇ? ಒಪ್ಪುವುದಿಲ್ಲ. ಆದರೂ ಮಳೆ, ಬರ, ನೆರೆಗಳ ವಿಷಯ ಬಂದಾಗ ನಾವು ಹೆಚ್ಚುಕಡಿಮೆ ಅದನ್ನೇ ಹೇಳುತ್ತೇವೆ. ನಮ್ಮ ಕೈ ಎಲ್ಲೆಲ್ಲಿ ಸೇರಿದೆ ಎಂದು ನೋಡುವ ಮೊದಲೇ ದೇವರ ಕೈಯನ್ನು ತೋರಿಸಿಬಿಡುತ್ತೇವೆ.

ಹಾಗಾದರೆ ಆ ನೀರು ಎಲ್ಲಿಂದ ಬಂತು? ನದಿಯಿಂದ ಬಂತು. ನದಿಗೆ ಎಲ್ಲಿಂದ ಬಂತು? ಸಹ್ಯಾದ್ರಿಯ ಮಳೆಯಿಂದ. ಕಾಳಮ್ಮವಾಡಿಯ ಜಲಾಶಯ ತುಂಬಿದರೆ ಸದಲಗಾದ ಜನರ ಎದೆ ಹೊಡೆದುಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆ ಮಳೆ ಎಲ್ಲಿಂದ ಬಂತು? ಅರಬ್ಬೀ ಸಮುದ್ರದಿಂದ. ಸಮುದ್ರವನ್ನು ಕಣ್ಣಾರೆ ನೋಡದ ಎಷ್ಟೋ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಆದರೆ ಪ್ರತಿ ವರ್ಷ ಮಿರಗ ಮಳೆಯ ಹೊತ್ತಿಗೆ ಸಮುದ್ರವೇ ಮೋಡವಾಗಿ ಘಟ್ಟ ಹತ್ತಿ ನಮ್ಮ ಮನೆಗೆ ಬರುತ್ತದೆ. ನಾವು ಕುಡಿಯುವ ನೀರು, ನಮ್ಮ ಕಬ್ಬಿನ ರಸ, ಎಲ್ಲವೂ ಒಂದು ಕಾಲದಲ್ಲಿ ಸಮುದ್ರದ ನೀರೇ ಆಗಿತ್ತು. ಆದ್ದರಿಂದ ಸಮುದ್ರಕ್ಕೆ ಜ್ವರ ಬಂದರೆ ಅದು ಕರಾವಳಿಯವರ ವಿಷಯ ಮಾತ್ರ ಎಂದು ನಾವು ಸುಮ್ಮನಿರುವಂತಿಲ್ಲ.

ಸಮುದ್ರಕ್ಕೆ ಬಂದ ಜ್ವರ

ಪ್ರಿಯ ಓದುಗರೇ, ಸಮುದ್ರಕ್ಕೆ ಜ್ವರ ಬಂದಿರುವುದು ನಿಜ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳನ್ನು ಸುಟ್ಟು, ಕಾಡುಗಳನ್ನು ಕಡಿದು ಮನುಷ್ಯನು ಗಾಳಿಗೆ ಸೇರಿಸಿದ ಇಂಗಾಲಾಮ್ಲವು ಭೂಮಿಯ ಸುತ್ತ ಕಂಬಳಿಯಂತೆ ಹೊದ್ದುಕೊಂಡಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಅನಿಲ ಇಂದು 420ನ್ನು ದಾಟಿದೆ. ಇದರಿಂದ ಹೆಚ್ಚಾದ ಶಾಖದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಸಮುದ್ರಗಳೇ ನುಂಗಿಕೊಂಡಿವೆ. ಮನೆಯಲ್ಲಿ ತಾಯಿ ಎಲ್ಲರ ಕಷ್ಟವನ್ನೂ ತನ್ನೊಳಗೇ ನುಂಗಿಕೊಳ್ಳುತ್ತಾಳಲ್ಲ, ಹಾಗೆ. ಸಮುದ್ರ ನುಂಗದಿದ್ದರೆ ನಮ್ಮ ಹೊಲಗಳು ಎಂದೋ ಸುಟ್ಟುಹೋಗುತ್ತಿದ್ದವು. ಆದರೆ ತಾಯಿಯ ದೇಹಕ್ಕೂ ಒಂದು ಮಿತಿ ಇದೆ.

ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರವರೆಗೆ ಸರಾಸರಿ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ. ಜಗತ್ತಿನ ಸಮುದ್ರಗಳ ಸರಾಸರಿ ಸುಮಾರು 0.7 ಡಿಗ್ರಿ ಮಾತ್ರ. ಒಂದು ಡಿಗ್ರಿ ಎಂದರೆ ಏನು ಮಹಾ ಎಂದು ಕೇಳಬೇಡಿ. ಮಗುವಿನ ಮೈ ಒಂದು ಡಿಗ್ರಿ ಸುಟ್ಟರೆ ತಾಯಿ ರಾತ್ರಿಯಿಡೀ ನಿದ್ರೆ ಮಾಡುವುದಿಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳಬಲ್ಲದು. ಆ ತೇವ ಒಮ್ಮೆಲೇ ಸುರಿದಾಗ ಮಳೆ ಹೋಗಿ ಮಹಾಪೂರವಾಗುತ್ತದೆ. ಪಶ್ಚಿಮ ಕರಾವಳಿಯಿಂದ ಮಧ್ಯ ಭಾರತದವರೆಗೆ ಇಂಥ ವಿಪರೀತ ಮಳೆಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿವೆ ಎಂದೂ, ಅದಕ್ಕೂ ಬಿಸಿಯಾಗುತ್ತಿರುವ ಅರಬ್ಬೀ ಸಮುದ್ರಕ್ಕೂ ಸಂಬಂಧವಿದೆ ಎಂದೂ ನಮ್ಮ ದೇಶದ ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು. ಯಾವುದೋ ಒಂದು ನೆರೆಗೆ ಇದೊಂದೇ ಕಾರಣ ಎಂದು ಹೇಳಲಾಗದು. ಅಣೆಕಟ್ಟಿನ ನೀರು ಬಿಡುವ ರೀತಿ, ನದಿಯ ಪಾತ್ರವನ್ನೇ ಒತ್ತುವರಿ ಮಾಡಿದ ನಮ್ಮ ದುರಾಸೆ, ಇವೂ ಸೇರುತ್ತವೆ. ಆದರೆ 2005, 2019, 2021ರಲ್ಲಿ ನೆರೆಯನ್ನು ಕಂಡ ನಾವು ಈ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಇರಬಾರದು.

ಮನೆ ಬಿಟ್ಟು ಹೊರಟ ಮೀನುಗಳು

ನೆರೆ ಇಳಿದು ಕೆಲವು ವರ್ಷಗಳಾದ ಮೇಲೆ ಒಂದು ದಿನ ಸಂತೆಯಲ್ಲಿ ಅದೇ ಆಯಿ ಸಿಕ್ಕರು. ಮುಂದೆ ಗೋಣಿತಟ್ಟು, ಅದರ ಮೇಲೆ ಬೊಂಬಿಲ, ಸುಕಟ, ಸ್ವಲ್ಪ ಒಣಮೀನು. "ವ್ಯಾಪಾರ ಹೆಂಗ ಐತಿ ಆಯಿ?" ಎಂದು ಕೇಳಿದೆ.

"ಏನ್ ಹೇಳ್ಲಿರಿ ಫಾದರ್. ನಾ ಸಣ್ಣಾಕಿ ಇದ್ದಾಗ ಈ ತಾರ್ಲಿ ನಮ್ಮ ಕಡಿ ಅಷ್ಟ ಬರ್ತಿರಲಿಲ್ಲ. ಆಮ್ಯಾಲ ಬರಾಕ ಹತ್ತಿತು. ಈಗ ಒಂದ್ ವರ್ಷ ಬಂದ್ರ ಒಂದ್ ವರ್ಷ ಇಲ್ಲ. ಮೀನಕ್ಕೂ ಮನಿ ಮುಳುಗೇತೇನೋ, ಯಾರಿಗ್ಗೊತ್ತು!"

ಆ ತಾಯಿ ನಗುತ್ತಾ ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಅದು ಹೆಚ್ಚುಕಡಿಮೆ ಸತ್ಯವಾಗಿತ್ತು.

ಆಯಿ ತಾರ್ಲಿ ಎಂದು ಕರೆದ ಮೀನನ್ನು ಮಂಗಳೂರಿನವರು ಬೂತಾಯಿ ಎನ್ನುತ್ತಾರೆ, ಕೇರಳದವರು ಮತ್ತಿ ಎನ್ನುತ್ತಾರೆ. ಬಡವರ ಮೀನು. ಮಳೆಗಾಲದಲ್ಲಿ ಗಾಳಿಯ ಹೊಡೆತಕ್ಕೆ ಕೇರಳ ಮತ್ತು ನಮ್ಮ ಕರಾವಳಿಯಲ್ಲಿ ಸಮುದ್ರದ ತಳದ ತಂಪು ನೀರು ಮೇಲಕ್ಕೆ ಬರುತ್ತದೆ. ಆ ನೀರಿನಲ್ಲಿ ಗೊಬ್ಬರದಂಥ ಸತ್ವಗಳಿರುತ್ತವೆ. ಅದರಿಂದ ಕಣ್ಣಿಗೆ ಕಾಣದ ಸಣ್ಣ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಮೇವು. ಈ ಕಾರಣದಿಂದಲೇ ಬೂತಾಯಿಯ ಮನೆ ಬಹಳ ಕಾಲದವರೆಗೆ ಉತ್ತರ ಅಕ್ಷಾಂಶ 8ರಿಂದ 14 ಡಿಗ್ರಿಗಳ ನಡುವೆ ಇತ್ತು. ಅಂದರೆ ಕನ್ಯಾಕುಮಾರಿಯ ಕಡೆಯಿಂದ ಹೆಚ್ಚುಕಡಿಮೆ ನಮ್ಮ ಭಟ್ಕಳದವರೆಗೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೇಳುವಂತೆ, 1985ರವರೆಗೆ ದೇಶದ ಬೂತಾಯಿ ಹೆಚ್ಚುಕಡಿಮೆ ಎಲ್ಲವೂ ಈ ಪಟ್ಟಿಯಲ್ಲೇ ಸಿಗುತ್ತಿತ್ತು. ಆಮೇಲೆ ಅದು ಉತ್ತರಕ್ಕೆ ಹೊರಟಿತು. 2006ರ ಹೊತ್ತಿಗೆ ದೇಶದ ಒಟ್ಟು ಬೂತಾಯಿಯಲ್ಲಿ ನೂರಕ್ಕೆ ಸುಮಾರು 15 ಪಾಲು 14 ಡಿಗ್ರಿಯಾಚೆ, ಗೋವಾ, ಕೊಂಕಣಗಳ ಕಡೆಯ ಸಮುದ್ರದಿಂದ ಬರತೊಡಗಿತು. ಪೂರ್ವ ಕರಾವಳಿಯಲ್ಲಿಯೂ ಅದು ಕಾಣಿಸಿಕೊಂಡಿತು. ಆಯಿಯ ಚೀಲದೊಳಗೆ ತಾರ್ಲಿ ಬಂದುದರ ಹಿಂದೆ ಈ ಕಥೆ ಇದ್ದೀತು.

ಬಂಗುಡೆಯ ಕಥೆ ಇನ್ನೊಂದು. ಅದು ಮೇಲ್ನೀರಿನ ಮೀನು. ಸಮುದ್ರದ ತಳವನ್ನು ಗೋರುವ ಬಲೆಗಳಿಗೆ 1985-89ರಲ್ಲಿ ಒಟ್ಟು ಬಂಗುಡೆಯ ನೂರಕ್ಕೆ ಎರಡು ಪಾಲು ಮಾತ್ರ ಸಿಗುತ್ತಿತ್ತು. 2003-07ರಲ್ಲಿ ಅದು ಸುಮಾರು 15 ಪಾಲಿಗೆ ಏರಿತು. ಮೇಲಿನ ನೀರು ಬಿಸಿಯಾದಾಗ ಬಂಗುಡೆ ತಂಪನ್ನು ಹುಡುಕಿಕೊಂಡು ಕೆಳಕ್ಕೆ ಇಳಿಯಿತು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಬಿಸಿಲು ಹೆಚ್ಚಾದರೆ ದನ ಗಿಡದ ನೆರಳಿಗೆ ಹೋಗುವುದಿಲ್ಲವೇ? ಹಾಗೆ. ಜಗತ್ತಿನ ಎಲ್ಲ ಸಮುದ್ರಗಳಲ್ಲಿಯೂ ಇದೇ ನಡೆಯುತ್ತಿದೆ. ಮೇಲ್ನೀರಿನ ಜೀವಿಗಳು 1950ರ ದಶಕದಿಂದೀಚೆಗೆ ಹತ್ತು ವರ್ಷಕ್ಕೆ ಸರಾಸರಿ ಐವತ್ತು ಕಿಲೋಮೀಟರಿನಷ್ಟು ಧ್ರುವಗಳ ಕಡೆಗೆ ಸರಿಯುತ್ತಿವೆ.

ಆದರೆ ಇಲ್ಲಿ ಒಂದು ಮಾತನ್ನು ಗಮನಿಸಿ. ಅಟ್ಲಾಂಟಿಕ್ ಸಾಗರದ ಮೀನಿಗೆ ಉತ್ತರಕ್ಕೆ ಸಾವಿರಾರು ಮೈಲು ದಾರಿ ತೆರೆದಿದೆ. ನಮ್ಮ ಅರಬ್ಬೀ ಸಮುದ್ರದ ಮೀನು ಉತ್ತರಕ್ಕೆ ಹೋದರೆ ಎಲ್ಲಿಗೆ ಹೋದೀತು? ಗುಜರಾತ್, ಪಾಕಿಸ್ತಾನಗಳ ದಡ ಮುಟ್ಟಿದರೆ ಸಮುದ್ರವೇ ಮುಗಿಯಿತು. ಕೆಳಕ್ಕೆ ಇಳಿಯೋಣವೆಂದರೆ ಅರಬ್ಬೀ ಸಮುದ್ರದ ಆಳದಲ್ಲಿ ಪ್ರಾಣವಾಯು ಬಹಳ ಕಡಿಮೆಯಿರುವ ದೊಡ್ಡದೊಂದು ಪದರವಿದೆ. ಅಲ್ಲಿ ಮೀನು ಉಸಿರಾಡಲಾರದು. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ, ಮುಂದೆ ಗೋಡೆ. ಹವಳಗಳಿಗಂತೂ ಹೊರಟುಹೋಗುವ ಭಾಗ್ಯವೂ ಇಲ್ಲ. ಅವು ಇದ್ದಲ್ಲೇ ಇರಬೇಕಾದ ಜೀವಗಳು. ನೀರು ಬಿಸಿಯಾದಾಗ ತಮ್ಮೊಳಗೆ ವಾಸಿಸುತ್ತಾ ತಮಗೆ ಅನ್ನ ಕೊಡುವ ಸಣ್ಣ ಪಾಚಿಗಳನ್ನು ಅವು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಬಿಸಿ ಬೇಗ ಇಳಿಯದಿದ್ದರೆ ಹಸಿದು ಸಾಯುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಹವಳದ ಮನೆ ಕುಸಿದರೆ ಅದರಲ್ಲಿದ್ದ ಮೀನುಗಳೂ ನಿರಾಶ್ರಿತರು.

ಮೀನು ಹೋದರೆ ಮೀನುಗಾರನು ಅದರ ಹಿಂದೆ ಹೋಗಬಹುದೇ? ಅವನ ಮನೆ, ಸಾಲ, ಮಕ್ಕಳ ಶಾಲೆ, ಅಪ್ಪ ಅಮ್ಮನ ಸಮಾಧಿ ಇರುವುದು ಅದೇ ದಡದಲ್ಲಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಪೂರ್ತಿ ಇಲ್ಲ! ಮತ್ತೆ ಸ್ವಲ್ಪ ಚೇತರಿಸಿಕೊಂಡಿತು, ನಿಜ. ಬೂತಾಯಿ ಹಿಂದಿನಿಂದಲೂ ಏರಿಳಿತದ ಮೀನು. ಮರಿಗಳನ್ನೂ ಬಿಡದೆ ಹಿಡಿದ ಲೋಭವೂ ಇದರಲ್ಲಿ ಸೇರಿದೆ. ಆದರೆ ಬಿಸಿಯಾಗುತ್ತಿರುವ ಸಮುದ್ರ ಈ ಏರಿಳಿತವನ್ನು ಇನ್ನೂ ಕಠಿಣಗೊಳಿಸುತ್ತಿದೆ. 2017ರ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ಕನ್ಯಾಕುಮಾರಿಗಳ ಎಷ್ಟೋ ಕಥೋಲಿಕ ಕುಟುಂಬಗಳ ಗಂಡಸರು ಸಮುದ್ರದಿಂದ ಹಿಂದಿರುಗಲೇ ಇಲ್ಲ. ಅವರೂ ನಮ್ಮಂತೆಯೇ ಅದೇ ರೊಟ್ಟಿಯನ್ನು ಪ್ರಭುವಿನ ಮೇಜಿನಿಂದ ಸ್ವೀಕರಿಸುತ್ತಿದ್ದವರು.

ಮೊದಲ ಆಶೀರ್ವಾದ ಯಾರಿಗೆ?

ಪವಿತ್ರ ಗ್ರಂಥವನ್ನು ತೆರೆದು ಆದಿಕಾಂಡದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿರಿ. ದೇವರು ಮೊತ್ತಮೊದಲು ಆಶೀರ್ವದಿಸಿದ್ದು ಯಾರನ್ನು? ಮನುಷ್ಯನನ್ನಲ್ಲ. ಐದನೆಯ ದಿನ ನೀರಿನ ಜೀವಿಗಳನ್ನೂ ಪಕ್ಷಿಗಳನ್ನೂ ಸೃಷ್ಟಿಸಿ, ಅವು ಹೆಚ್ಚಲಿ, ಸಮುದ್ರವನ್ನು ತುಂಬಲಿ ಎಂದು ಆಶೀರ್ವದಿಸಿದನು. ಆದಂ ಇನ್ನೂ ಮಣ್ಣಾಗಿದ್ದಾಗಲೇ ಮೀನು ಆಶೀರ್ವಾದ ಪಡೆದಿತ್ತು. ಆರನೆಯ ದಿನ ಮನುಷ್ಯನಿಗೆ ಮೀನಿನ ಮೇಲೆ ಅಧಿಕಾರ ಕೊಟ್ಟನು, ಸರಿ. ಆದರೆ ಒಮ್ಮೆ ದೇವರು ಆಶೀರ್ವದಿಸಿದ್ದನ್ನು ಅಳಿಸುವ ಅಧಿಕಾರವನ್ನು ಯಾರಿಗೂ ಕೊಡಲಿಲ್ಲ. ಆಸ್ತಿಯನ್ನು ನೋಡಿಕೊ ಎಂದು ತಂದೆ ಹಿರಿಯ ಮಗನಿಗೆ ಹೇಳಿದರೆ, ಕಿರಿಯರ ಪಾಲನ್ನು ಮಾರಿಕೊ ಎಂದು ಅರ್ಥವಲ್ಲ.

ಹೋಶೇಯ ಪ್ರವಾದಿಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಬಹಳ ಗಂಭೀರವಾದ ಒಂದು ಮಾತಿದೆ. ದೇಶದಲ್ಲಿ ಸುಳ್ಳು, ಕೊಲೆ, ಕಳ್ಳತನಗಳು ಹೆಚ್ಚಾದಾಗ ಭೂಮಿಯೇ ದುಃಖಿಸುತ್ತದೆ, ಕಡೆಗೆ ಸಮುದ್ರದ ಮೀನುಗಳೂ ನಾಶವಾಗುತ್ತವೆ ಎಂದು ಪ್ರವಾದಿ ಎಚ್ಚರಿಸುತ್ತಾನೆ. ಮನುಷ್ಯನ ಪಾಪಕ್ಕೂ ಮೀನಿನ ಸಾವಿಗೂ ಏನು ಸಂಬಂಧ ಎಂದು ಹಿಂದೆ ಓದುವಾಗ ನನಗೆ ಅನಿಸುತ್ತಿತ್ತು. ಈಗ ಅನಿಸುವುದಿಲ್ಲ.

ಇನ್ನು ಶುಭಸಂದೇಶಕ್ಕೆ ಬನ್ನಿ. ಪ್ರಭು ಯೇಸು ತಮ್ಮ ಮೊದಲ ಶಿಷ್ಯರನ್ನು ಆರಿಸಿದ್ದು ಮೀನುಗಾರರ ನಡುವಿನಿಂದ. ಪುನರುತ್ಥಾನದ ನಂತರ ತಿಬೇರಿಯ ಸಮುದ್ರದ ದಡದಲ್ಲಿ ನಡೆದುದನ್ನು ಸಂತ ಯೊವಾನ್ನರು ಬರೆದಿದ್ದಾರೆ. ಪೇತ್ರ ಮತ್ತು ಸಂಗಡಿಗರು ರಾತ್ರಿಯಿಡೀ ದುಡಿದರೂ ಒಂದು ಮೀನೂ ಸಿಗಲಿಲ್ಲ. ಬರಿಗೈಯಲ್ಲಿ ದಡಕ್ಕೆ ಬರುವ ಮೀನುಗಾರನ ಮುಖ ಹೇಗಿರುತ್ತದೆ ಎಂದು ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಸೇವೆ ಮಾಡುವ ನನ್ನ ಸಹಪಾಠಿ ಗುರುವೊಬ್ಬರು ಹೇಳುತ್ತಿದ್ದರು: "ಅವರು ನಮ್ಮ ಮುಖ ನೋಡುವುದಿಲ್ಲ. ಬಲೆಯನ್ನು ನೋಡುತ್ತಾ ನಡೆದುಹೋಗುತ್ತಾರೆ." ಅಂಥವರ ಎದುರಿಗೆ ಪ್ರಭು ದಡದಲ್ಲಿ ಕೆಂಡ ಹಾಕಿಕೊಂಡು, ರೊಟ್ಟಿ ಮೀನು ಸಿದ್ಧಮಾಡಿಕೊಂಡು ನಿಂತಿದ್ದರು. ಬಲೆಯನ್ನು ಬಲಗಡೆಗೆ ಹಾಕಲು ಹೇಳಿದರು. 153 ಮೀನುಗಳು ಸಿಕ್ಕವು.

"ನೋಡಿ ಫಾದರ್, ದೇವರು ಮನಸ್ಸು ಮಾಡಿದರೆ ಮೀನು ತಾನಾಗಿ ಬರುತ್ತದೆ, ನಾವೇಕೆ ಚಿಂತಿಸಬೇಕು?" ಎಂದು ಯಾರಾದರೂ ಕೇಳಬಹುದು. ಈ ವಾದದಲ್ಲಿ ಒಂದು ಅಪಾಯವಿದೆ. ದೇವಾಲಯದ ಶಿಖರದಿಂದ ಹಾರು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದು ಪ್ರಭುವಿಗೆ ಹೇಳಿದವನು ಸೈತಾನ. ಪ್ರಭು ಹಾರಲಿಲ್ಲ. ದೇವರ ಕೃಪೆಯ ಮೇಲೆ ಭರವಸೆ ಇಡುವುದು ಒಂದು, ದೇವರನ್ನು ಪರೀಕ್ಷಿಸುವುದು ಇನ್ನೊಂದು. ತಿಬೇರಿಯದ ದಡದಲ್ಲಿ ಶಿಷ್ಯರು ಪ್ರಭುವಿನ ಮಾತು ಕೇಳಿ ತಮ್ಮ ಬಲೆಯನ್ನು ಇನ್ನೊಂದು ಕಡೆಗೆ ಹಾಕಿದರು. ಅಂದರೆ ರಾತ್ರಿಯಿಡೀ ಮಾಡಿದ್ದನ್ನೇ ಮತ್ತೆ ಮಾಡಲಿಲ್ಲ, ಬದಲಿಸಿದರು. ಇದನ್ನೇ ನಾವು ಮನಪರಿವರ್ತನೆ ಎನ್ನುತ್ತೇವೆ. ಸಂತ ಜೆರೋಮರು ಆ 153ನ್ನು ಎಲ್ಲ ಬಗೆಯ ಮೀನುಗಳ ಸಂಕೇತವೆಂದು ವಿವರಿಸಿದರು. ಅಷ್ಟು ಮೀನು ಬಿದ್ದರೂ ಬಲೆ ಹರಿಯಲಿಲ್ಲ ಎಂದು ಸಂತ ಯೊವಾನ್ನರು ಮರೆಯದೆ ಹೇಳುತ್ತಾರೆ. ಪ್ರಭುವಿನ ಮಾತಿನಂತೆ ಹಿಡಿದಾಗ ಎಲ್ಲರಿಗೂ ಸಾಕಾಗುತ್ತದೆ, ಬಲೆಯೂ ಉಳಿಯುತ್ತದೆ.

ಯಾರ ಪಾಪ? ಯಾರಿಗೆ ಪ್ರಾಯಶ್ಚಿತ್ತ?

ಈಗ ನ್ಯಾಯದ ಪ್ರಶ್ನೆ. ಕಬ್ಬು ಕಡಿಯುವ ನಮ್ಮ ಕೂಲಿಕಾರರ ಮನೆಯಲ್ಲಿ ಕಾರಿಲ್ಲ, ತಂಪುಯಂತ್ರವಿಲ್ಲ. ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದ್ದಾರೆ. ಒಬ್ಬ ಭಾರತೀಯನು ಸರಾಸರಿಯಾಗಿ ಗಾಳಿಗೆ ಬಿಡುವ ಇಂಗಾಲಾಮ್ಲ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಅದರಲ್ಲಿಯೂ ಬಡವನ ಪಾಲು ಇನ್ನೆಷ್ಟು? ಆದರೆ ನೆರೆ ಬಂದಾಗ ಮೊದಲು ಕುಸಿದದ್ದು ಆಯಿಯ ಮಣ್ಣಿನ ಗೋಡೆ. ಮೀನು ಹೋದಾಗ ಮೊದಲು ಹಸಿಯುವುದು ಸಣ್ಣ ದೋಣಿಯವನ ಮನೆ. ಒಬ್ಬರು ಉಂಡ ಊಟಕ್ಕೆ ಇನ್ನೊಬ್ಬರು ಬೆಲೆ ತೆರುವುದು ಅನ್ಯಾಯ. ಇದನ್ನು ದೇವರ ಇಚ್ಛೆ ಎಂದು ಹೇಳಿದರೆ ಅನ್ಯಾಯಕ್ಕೆ ದೇವರ ಮುದ್ರೆ ಒತ್ತಿದಂತೆ. ನಾನು ಅಂದು ಅರಿಯದೆ ಮಾಡಿದ ತಪ್ಪು ಅದೇ.

ಧರ್ಮಸಭೆ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 1990ರ ಜನವರಿ 1ರ ಶಾಂತಿ ಸಂದೇಶದಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಸೃಷ್ಟಿಯೊಂದಿಗಿನ ಶಾಂತಿಯ ಬಗ್ಗೆಯೇ ಬರೆದರು. 2015ರಲ್ಲಿ ಪೋಪ್ ಫ್ರಾನ್ಸಿಸರು 'ಲೌದಾತೊ ಸೀ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿ, ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆ ಬೇರೆ ಮಾಡಲಾಗದು ಎಂದು ಕಲಿಸಿದರು. ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವೆಂದು ಅದೇ ವರ್ಷ ಸಾರಿದರು. 2023ರಲ್ಲಿ ಮತ್ತೊಮ್ಮೆ ಬರೆದು ನಮ್ಮ ಉದಾಸೀನವನ್ನು ಎತ್ತಿ ತೋರಿಸಿದರು. 2025ರ ಏಪ್ರಿಲ್‌ನಲ್ಲಿ ಅವರು ದೈವಾಧೀನರಾದರು. ಅವರ ಮಾತು ನಮ್ಮ ಕಪಾಟಿನೊಳಗೆ ಉಳಿಯಬಾರದು.

ನಮ್ಮ ನೆರೆಹೊರೆಯವರಿಂದಲೂ ಕಲಿಯುವುದಿದೆ. ಜೈನ ಮುನಿಗಳಾದ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಇದೇ ಸದಲಗಾದಲ್ಲಿ. 2024ರ ಫೆಬ್ರವರಿಯಲ್ಲಿ ಅವರು ದೇಹತ್ಯಾಗ ಮಾಡಿದಾಗ ಊರಿಗೆ ಊರೇ ಶೋಕಿಸಿತು. ಬೇಕಾದುದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ಅಪರಿಗ್ರಹ ವ್ರತವನ್ನು ಅವರು ಬದುಕಿ ತೋರಿಸಿದರು. ನಮ್ಮ ಸಂತ ಅಸಿಸಿಯ ಫ್ರಾನ್ಸಿಸರು ಹೇಳಿಕೊಟ್ಟ ಬಡತನವೂ ಅದಕ್ಕೆ ದೂರವಾದುದಲ್ಲ. ಸಮುದ್ರವಿಲ್ಲದ ನಾಡಿನಲ್ಲಿ ಹುಟ್ಟಿದ ಆ ಮುನಿಗಳ ಹೆಸರಿನಲ್ಲೇ ಸಾಗರವಿತ್ತು ಎಂದು ನಾನು ಎಷ್ಟೋ ಸಲ ನೆನೆಯುತ್ತೇನೆ.

ನಾವು ಏನು ಮಾಡಬಹುದು?

"ನಾವು ಬಡವರು, ಸಮುದ್ರ ದೂರ, ನಮ್ಮಿಂದ ಏನಾದೀತು?" ಎಂದು ಕೇಳುವಿರಿ. ನಮ್ಮಿಂದ ಸಮುದ್ರ ತಂಪಾಗದು, ನಿಜ. ಆದರೆ ವಿಧವೆಯ ಎರಡು ಕಾಸನ್ನು ಪ್ರಭು ಎಣಿಸಿದರು ಎಂಬುದನ್ನು ಮರೆಯಬೇಡಿ.

ಕಬ್ಬು ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿರಿ. ಸಾಲಿನ ನಡುವೆ ಹರಡಿದರೆ ಅದೇ ಗೊಬ್ಬರವಾಗುತ್ತದೆ, ತೇವವನ್ನೂ ಹಿಡಿದುಕೊಳ್ಳುತ್ತದೆ. ಕರೆಂಟು ಬಂದಿತೆಂದು ಮೋಟಾರು ಹಚ್ಚಿ ರಾತ್ರಿಯಿಡೀ ನೀರು ಹಾಯಿಸಬೇಡಿ. ಅತಿಯಾದ ನೀರಿನಿಂದಲೇ ಎಷ್ಟು ಎಕರೆ ಭೂಮಿ ಸವಳಾಗಿ ಹೋಯಿತು ಎಂಬುದನ್ನು ನಮ್ಮ ಕೃಷ್ಣಾ ತೀರದ ರೈತರಿಗೆ ನಾನು ಹೇಳಬೇಕೇ? ನದಿಯ ದಂಡೆಯನ್ನು ನದಿಗೇ ಬಿಡಿ, ಅಲ್ಲಿ ಗಿಡ ನೆಡಿ. ಮದುವೆ, ಮೊದಲ ಪರಮಪ್ರಸಾದದ ಹಬ್ಬಗಳಲ್ಲಿ ಸಾಲ ಮಾಡಿ ಆಡಂಬರ ಮಾಡುವುದನ್ನು ಕಡಿಮೆ ಮಾಡಿರಿ. ಸಂತೆಯಲ್ಲಿ ಬೆರಳಿನಷ್ಟಿರುವ ಮೀನಿನ ಮರಿಗಳನ್ನು ಅಗ್ಗವೆಂದು ಕೊಳ್ಳಬೇಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಅದು ಮೀನಿಗೆ ದೊರೆತ ಸಬ್ಬತ್ ದಿನಗಳು. ನಮ್ಮ ಉಪವಾಸದಂತೆಯೇ ಅದನ್ನೂ ಗೌರವಿಸೋಣ.

ಇದೆಲ್ಲಕ್ಕಿಂತ ಮುಖ್ಯವಾದುದು, ನಮ್ಮ ದನಿ. ಮತ ಕೇಳಲು ಬರುವವರನ್ನು ರಸ್ತೆ, ಗಟಾರದ ಬಗ್ಗೆ ಕೇಳುವಂತೆಯೇ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಎತ್ತರದ ಜಾಗದಲ್ಲಿ ಮನೆ ಎಲ್ಲಿ ಎಂದು ಕೇಳಿರಿ. ಪಾಪನಿವೇದನೆಗೆ ಬರುವಾಗ ನೆರೆಯವನಿಗೆ ಮಾಡಿದ ಕೇಡನ್ನು ಹೇಳುವಂತೆಯೇ, ನೀರು, ಮಣ್ಣು, ಗಾಳಿಗೆ ಮಾಡಿದ ಕೇಡನ್ನೂ ಆತ್ಮಶೋಧನೆಯಲ್ಲಿ ಸೇರಿಸಿಕೊಳ್ಳಿರಿ. ಯಾಜಕರಾದ ನಾವೂ ಸೇರಿಸಿಕೊಳ್ಳಬೇಕು.

ಆಯಿಗೆ ಉತ್ತರ

ಈಗ ಆಯಿಯ ಪ್ರಶ್ನೆಗೆ ಹಿಂದಿರುಗುತ್ತೇನೆ. ದೇವರು ತನ್ನ ಮಾತಿಗೆ ತಪ್ಪಿದನೇ? ಇಲ್ಲ. ನೋವನೊಂದಿಗೆ ದೇವರು ಮಾಡಿಕೊಂಡ ಒಡಂಬಡಿಕೆಯನ್ನು ಮತ್ತೊಮ್ಮೆ ಓದಿದೆ. ಅದು ಮನುಷ್ಯನೊಂದಿಗೆ ಮಾತ್ರ ಮಾಡಿಕೊಂಡದ್ದಲ್ಲ. ನಾವೆಯಿಂದ ಹೊರಬಂದ ಪ್ರತಿಯೊಂದು ಜೀವಿಯೊಂದಿಗೆ, ಭೂಮಿಯೊಂದಿಗೆ ಮಾಡಿಕೊಂಡದ್ದು. ದೇವರು ತನ್ನ ಕಡೆಯ ಮಾತನ್ನು ಉಳಿಸಿಕೊಂಡಿದ್ದಾನೆ. ಆ ಒಡಂಬಡಿಕೆಯಲ್ಲಿ ನಮ್ಮ ಜೊತೆ ಪಾಲುದಾರರಾಗಿರುವ ಜೀವಿಗಳನ್ನು ಮನೆಯಿಂದ ಓಡಿಸಿದವರು ನಾವು, ಮನುಷ್ಯರು. ಎಲ್ಲರೂ ಸಮಾನವಾಗಿ ಅಲ್ಲ. ಕೆಲವರು ಬಹಳ ಹೆಚ್ಚು, ಕೆಲವರು ಬಹಳ ಕಡಿಮೆ.

ಇದನ್ನು ಹೋದ ತಿಂಗಳು ಆಯಿಯ ಮನೆಗೆ ಹೋಗಿ ಹೇಳಿದೆ. ಈಗ ಅವರು ತಗಡಿನ ಮನೆಯಲ್ಲಿದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಚಹಾ ಬಸಿದು ಕೊಟ್ಟು, "ಹಂಗಾರ ದೇವ್ರದ ತಪ್ಪಿಲ್ಲಲ್ರಿ?" ಎಂದರು. "ಇಲ್ಲ ಆಯಿ" ಎಂದೆ. "ಅಷ್ಟ ಸಾಕ ನೋಡ್ರಿ. ಮನಷ್ಯಾನ ತಪ್ಪಾದ್ರ ತಿದ್ದಬಹುದು" ಎಂದರು.

ಸಹೋದರ ಸಹೋದರಿಯರೇ, ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ನನಗೆ ಆ ಮಾತು ತೋಚಿರಲಿಲ್ಲ. ದೇವರ ತಪ್ಪಾಗಿದ್ದರೆ ನಾವು ಅಸಹಾಯಕರು. ಮನುಷ್ಯನ ತಪ್ಪಾದ್ದರಿಂದಲೇ ಅದಕ್ಕೆ ಪಶ್ಚಾತ್ತಾಪ ಇದೆ, ತಿದ್ದುವಿಕೆ ಇದೆ, ಕ್ಷಮೆ ಇದೆ. ಕ್ರೈಸ್ತ ಭರವಸೆ ಎಂದರೆ ಇದೇ ಅಲ್ಲವೇ?

ಕುಟುಂಬ ಪ್ರಾರ್ಥನೆಯ ನಂತರ ಚಿಂತಿಸಲು

1. ನಮ್ಮ ಮನೆಯಲ್ಲಿ ನೀರು, ಕರೆಂಟು, ಅನ್ನ ಯಾವ ರೀತಿಯಲ್ಲಿ ವ್ಯರ್ಥವಾಗುತ್ತಿದೆ? ಈ ವಾರ ಯಾವುದೊಂದನ್ನು ಬದಲಿಸಬಹುದು?

2. ಕಷ್ಟದಲ್ಲಿರುವವರಿಗೆ "ದೇವರ ಇಚ್ಛೆ" ಎಂದು ಹೇಳಿ, ನಾವು ಮಾಡಬಹುದಾಗಿದ್ದ ಸಹಾಯದಿಂದ ತಪ್ಪಿಸಿಕೊಂಡದ್ದುಂಟೇ?

3. ನೆರೆಯಲ್ಲಿ ಮನೆ ಕಳೆದುಕೊಂಡ ಕುಟುಂಬ ನಮ್ಮ ಓಣಿಯಲ್ಲಿ ಇದೆಯೇ? ಅವರ ಇಂದಿನ ಸ್ಥಿತಿ ನಮಗೆ ಗೊತ್ತೇ?

ಪ್ರಾರ್ಥನೆ

ಸಮುದ್ರಕ್ಕೆ ಎಲ್ಲೆಯನ್ನೂ ಮೀನಿಗೆ ಮನೆಯನ್ನೂ ಕೊಟ್ಟ ತಂದೆಯೇ, ನಾವು ನಮ್ಮ ಎಲ್ಲೆಯನ್ನು ಮೀರಿದ್ದೇವೆ. ನಮ್ಮನ್ನು ಕ್ಷಮಿಸು. ಬರಿಗೈಯಲ್ಲಿ ದಡಕ್ಕೆ ಬರುವ ಮೀನುಗಾರರ ಬಳಿಯಲ್ಲಿ ನಿಲ್ಲು. ನೆರೆಯ ಭಯದಲ್ಲಿ ಮಳೆಗಾಲ ಕಳೆಯುವ ನಮ್ಮ ನದಿತೀರದ ಮಕ್ಕಳನ್ನು ಕಾಪಾಡು. ನೀನು ಮೊದಲು ಆಶೀರ್ವದಿಸಿದ ಜೀವಿಗಳನ್ನು ನಾವೂ ಗೌರವದಿಂದ ಕಾಣುವಂತೆ ನಮ್ಮ ಮನಸ್ಸನ್ನು ತಿರುಗಿಸು. ನಿನ್ನ ಪುತ್ರ, ನಮ್ಮ ಪ್ರಭು ಯೇಸು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.